ದಡಕ್ಕೆ ಬಂದವಳು

ದಡಕ್ಕೆ ಬಿದ್ದಿದ್ದ ಡಾಲ್ಫಿನ್ನಿಗೆ ಗಂಡ ನೀರಲ್ಲಿ ನೆನೆಸಿ ಹೊದಿಸಿದ್ದು ತೀರಿಹೋದ ಮೊದಲ ಹೆಂಡತಿಯ ಸೀರೆ ಎಂದು ಗುಲಾಬಿ ದೂರದಿಂದಲೇ ಗುರುತಿಸಿದಳು. ಆ ಸೀರೆಯನ್ನು ಅವನು ಇವಳಿಗೆ ಮುಟ್ಟಲೂ ಕೊಟ್ಟಿರಲಿಲ್ಲ.

ಆ ಹೆಂಡತಿ ಚಿಪ್ಪು ಹೆಕ್ಕಲು ಹೋಗಿ ಅಳಿವೆಯಲ್ಲಿ ಕೊಚ್ಚಿಹೋದವಳು. ಕಡಲು ಸೇರಿದವರು ಒಮ್ಮೆಯಾದರೂ ಮನೆಯವರನ್ನು ನೋಡಲು ಬರುತ್ತಾರೆ ಎಂದು ಬೆಳಿಗ್ಗೆ ಡಾಲ್ಫಿನ್ನಿನ ಸುದ್ದಿ ಕೇಳಿ ಅತ್ತೆ ಹೇಳಿದ್ದೇ ತಡ, ಗಂಡ ಇಲ್ಲಿ ಬಂದು ಕೂತಿದ್ದ. ಕೊಡದಿಂದ ನೀರು ಹೊಯ್ಯುತ್ತ ಡಾಲ್ಫಿನ್ನಿನ ಬೆನ್ನು ಸವರುತ್ತಿದ್ದ. ಸತ್ತವಳ ಮಗಳು ಅದನ್ನು ತಬ್ಬಿಕೊಂಡು “ಅಮ್ಮ, ಅಮ್ಮ” ಎನ್ನುತ್ತಿದ್ದಳು. ಗುಲಾಬಿಯನ್ನು ಆ ಹುಡುಗಿ ಒಂದು ದಿನವೂ ಹಾಗೆ ಕರೆದಿರಲಿಲ್ಲ.

“ನಂಗೆ ಜ್ವರ ಬಂದಾಗ ಒಂದ್ ಸಲ ಹಣೆ ಮುಟ್ಟಿ ಕಂಡಿದ್ರಾ ನೀವ್?”

“ಮೆಲ್ಲಗ್ ಮಾತಾಡ್ ಮಾರಾಯ್ತಿ. ಅವ್ಳ್ ಹೆದರ್ತ್ಳ್.”

“ಅವ್ಳಾ? ಕಡಲಿನ್ ಮೀನ್ ಅದ್!”

ಕಡಲು ಉಬ್ಬಿ ಭರತದ ನೀರು ಏರಿತು. “ಈಗ್ಲೇ ಬಿಡ್ಬೇಕು, ಇಲ್ಲಾಂದ್ರೆ ಉಳಿಯಲ್ಲ” ಎಂದಳು ಅದನ್ನು ಕಡಲಿಗೆ ಬಿಡಲು ಬಂದಿದ್ದ ರಕ್ಷಣಾ ತಂಡದ ಹುಡುಗಿ. ಗಂಡ ಕೈ ತೆಗೆಯಲಿಲ್ಲ. ಮಗಳೂ ಬಿಡಲಿಲ್ಲ.

“ನಾ ಬಿಡ್ತೆ. ಇದ್ ಹೋಗ್ದೆ ನಂಗೆ ಆ ಮನೇಲಿ ಜಾಗ ಇಲ್ಲ” ಎಂದು ಗುಲಾಬಿ ಸೆರಗು ಸಿಕ್ಕಿಸಿದಳು. ಸೀರೆಯನ್ನು ಕಿತ್ತೆಸೆದಳು. ಇಬ್ಬರನ್ನೂ ಬಿಡಿಸಿ, ತಂಡದವರೊಂದಿಗೆ ಅದನ್ನು ಎದೆಮಟ್ಟದ ನೀರಿಗೆ ಒಯ್ದಳು.

ಅಲ್ಲಿ ಬಿಟ್ಟರೂ ಅದು ಹೋಗಲಿಲ್ಲ. ದಡದಲ್ಲಿ ಅಳುತ್ತ ನಿಂತ ಮಗಳ ಕಡೆಗೇ ತಿರುಗಿತು. ಮತ್ತೆ ತಿರುಗಿಸಿದರೂ ಹಾಗೇ ಮಾಡಿತು.

ಗುಲಾಬಿ ಅದರ ತಲೆಯ ಹತ್ತಿರಕ್ಕೆ ಬಾಗಿದಳು.

“ನೀ ಹೋಗ್ ಅಕ್ಕ. ನಿನ್ ಮಗ್ಳನ್ನ ನಾ ನೋಡ್ಕಂತೆ.”