ಗಿಳಿಗೆ ಕಾಳು ಹಾಕುವವರು

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ನಾಲ್ಕಕ್ಕೆ ಕೆಳಗಿನ ಅಂತಸ್ತಿನ ಕಾಲೇಜು ಕಚೇರಿ ಬಾಗಿಲು ಹಾಕುತ್ತದೆ. ಅರ್ಜಿಗೆ ಅಮ್ಮನ ಸಹಿ ಇನ್ನೂ ಬಿದ್ದಿರಲಿಲ್ಲ.

ಅರ್ಜಿ ಒಂದಲ್ಲ, ಎರಡು. ಒಂದು ನರ್ಸಿಂಗ್, ಇನ್ನೊಂದು ಟೆಕ್ನಿಷಿಯನ್ ಕೋರ್ಸು. ಎರಡೂ ಅಮ್ಮನ ಎಡ ಮೊಣಕೈಯಡಿ ಸಿಕ್ಕಿಕೊಂಡಿದ್ದವು. ಎಳೆದರೆ ಬರುತ್ತಿದ್ದವು. ಆದರೆ ಆ ಕೈಯನ್ನು ಅಲುಗಿಸುವ ಎದೆಗಾರಿಕೆ ಮನೆಯವರಲ್ಲಿ ಯಾರಿಗೂ ಇರಲಿಲ್ಲ. ಹನ್ನೆರಡಕ್ಕೆ ಬಂದು ಕುರ್ಚಿ ಹಿಡಿದ ಅಮ್ಮ ಮಿಸುಕಿರಲಿಲ್ಲ. ಸಾಲು ಕುರ್ಚಿಗಳಲ್ಲಿದ್ದ ಉಳಿದವರೂ ತೂಕಡಿಸುತ್ತ ಕಾಯುತ್ತಿದ್ದರು.

“ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು ಹೇಳ್ತಿದ್ದೀನಿ, ಕೇಳೇ. ನಾಲ್ಕು ವರ್ಷ ನರ್ಸಿಂಗ್ ಓದಿದ್ರೆ ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಐಸಿಯು, ಎಲ್ಲಿ ಬೇಕಾದ್ರೂ ನಿಲ್ಲಬಹುದು. ನಿನ್ನ ಕೋರ್ಸಲ್ಲಿ ಏನಿದೆ? ಒಂದು ಕೋಣೆ, ಒಂದು ಯಂತ್ರ. ಬಾವಿ ಕಪ್ಪೆ ಆಗ್ತೀಯ.”

“ಕಪ್ಪೆಗೆ ಆ ಬಾವೀನೇ ಬೇಕು ಅಂದ್ರೆ?”

ಮಗಳು ನೀರಿನ ಬಾಟಲಿ ಚಾಚಿದಳು. ಅಮ್ಮ ಒಂದೇ ಗುಟುಕು ಕುಡಿದು, ಉಳಿದದ್ದನ್ನು ಆಸೆಗಣ್ಣಿಂದ ನೋಡಿ ಹಿಂದಿರುಗಿಸಿದಳು.

“ನರ್ಸ್‌ಗೆ ಆರಾರು ತಿಂಗಳಿಗೆ ವಾರ್ಡ್ ಬದಲಿಸ್ತಾರೆ ಅಂತ ನೀನೇ ಗೊಣಗ್ತಿದ್ದೆ. ಇದು ಮೂರು ವರ್ಷ ಓದು, ಒಂದು ವರ್ಷ ತರಬೇತಿ. ಆಮೇಲೆ ಒಂದೇ ಕಡೆ.”

“ಯಾರಿಗೋಸ್ಕರ ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯಾ?”

ಮಗಳು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದಳು.

“ಓದು ಮುಗಿಯೋದ್ರೊಳಗೆ ಅವರು ಬಿಟ್ಟು ಹೋದ್ರೆ?”

“ಹೋಗಲ್ಲ. ನಾನು ಬಿಡಲ್ಲ.”

ಮೂರು ಐವತ್ತು. ಕಾಗದದ ಅಂಚು ಅಲ್ಲೇ ಇಣುಕುತ್ತಿತ್ತು. ಮಗಳಿಗೆ ಅಜ್ಜಿ ನೆನಪಾದಳು. ಅಜ್ಜಿಯ ಕಥೆಯ ರಾಕ್ಷಸನ ಪ್ರಾಣ ಮೈಯೊಳಗೆ ಇರುತ್ತಿರಲಿಲ್ಲ. ಏಳು ಕಡಲಾಚೆ, ಪಂಜರದ ಗಿಳಿಯಲ್ಲಿ ಇರುತ್ತಿತ್ತು. ಉಳಿದ ಮಕ್ಕಳು ರಾಜಕುಮಾರ ಏನು ಮಾಡಿದ ಎಂದು ಕೇಳಿದರೆ ಇವಳು ಕೇಳುತ್ತಿದ್ದದ್ದೇ ಬೇರೆ.

“ಆ ಗಿಳಿಗೆ ಕಾಳು ಹಾಕೋರು ಯಾರು ಅಂತ ಅಜ್ಜಿ ಕೊನೆಗೂ ಹೇಳಲೇ ಇಲ್ಲ, ಅಮ್ಮ.”

ಅಮ್ಮ ಎಡಗೈ ಅಲುಗದಂತೆ, ಬಲಗೈಯಿಂದ ಒಂದು ಅರ್ಜಿಯನ್ನು ಮೆಲ್ಲಗೆ ಜಾರಿಸಿದಳು. ಟೆಕ್ನಿಷಿಯನ್ ಕೋರ್ಸಿನದು.

“ಹಠದಲ್ಲಿ ಥೇಟ್ ನಿಮ್ಮಜ್ಜಿನೇ. ಪೆನ್ನು ಕೊಡು.”

ಸಹಿ ಬಿತ್ತು. ಮಗಳು ಬಾಗಿಲವರೆಗೆ ಓಡಿದವಳು, ಹಿಂದೆ ಬೀಪ್ ಸದ್ದು ಕೇಳಿ ತಿರುಗಿ ನೋಡಿದಳು. ನೀಲಿ ಅಂಗಿಯ ಟೆಕ್ನಿಷಿಯನ್ ಒಬ್ಬ ಅಮ್ಮನ ಕುರ್ಚಿಯ ಪಕ್ಕ ಬಂದು ಗುಂಡಿ ಒತ್ತುತ್ತಿದ್ದ.

“ಇವತ್ತಿನ ಡಯಾಲಿಸಿಸ್ ಮುಗೀತಕ್ಕ. ರಕ್ತ ಎಲ್ಲ ಯಂತ್ರದಿಂದ ವಾಪಸ್ ಮೈಗೆ ಬಂತು. ಸೂಜಿ ತೆಗೀತೀನಿ, ಎಡಗೈ ಹಾಗೇ ಇರ್ಲಿ.”