ಬುರುಜಿನ ತಿರುವಿನ ಮುಳ್ಳು

ಪೂರ್ತಿ ಬೆಳಕು ಹರಿಯುವಷ್ಟರಲ್ಲಿ ಶಾಂತಮಲ್ಲಪ್ಪ ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳು ಹರಡಿ ಮುಗಿಸಿದ್ದ. ಮೇಲೆ ಒಣಗಿದ ಹುಣಸೆ ಎಲೆ ಉದುರಿಸಿದ. ಹಿಂದೆ ಸರಿದು ನೋಡಿದ. ಮುಳ್ಳು ಕಾಣುತ್ತಿರಲಿಲ್ಲ.

ದಾರಿಯಲ್ಲಿ ಮುಳ್ಳು ಕಂಡರೆ ಬಗ್ಗಿ ಎತ್ತಿ ಬೇಲಿಗೆ ಎಸೆದು ಹೋಗುತ್ತಿದ್ದ ಮನುಷ್ಯ ಇವನು. ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂಥವನು ತೆರಕಣಾಂಬಿಯ ಹಳೇ ಕೋಟೆಯ ಮುರಿದ ಬುರುಜಿನ ಹಿಂದೆ ಕಳ್ಳನ ಹಾಗೆ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಆ ಸೈಕಲ್ಲಿನವನು ಇವತ್ತು ತಿರುವಿನ ಹುಣಸೆಮರ ದಾಟಬಾರದು.

ಮಗ ಶಿವಶಂಕರ ಹೋಗಿ ವರ್ಷವಾಗಿತ್ತು. ಸುಮ್ಮನೆ ಜ್ವರ ಎಂದು ಕಂಬಳಿ ಹೊದ್ದು ಮಲಗಿದವನು. ಗುಂಡ್ಲುಪೇಟೆ ಆಸ್ಪತ್ರೆಯಿಂದ ಮೈಸೂರಿಗೆ ಒಯ್ಯುವ ದಾರಿಯಲ್ಲೇ ಮುಗಿದುಹೋಯಿತು. ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ಅವನ ಸೈಕಲ್ಲಿಗೆ ಟಾರ್ಪಾಲು ಹೊದಿಸಿ, ಅರಿಸಿನದ ಕೊಠಡಿಯೊಳಗೆ ನಿಲ್ಲಿಸಿ ಬೀಗ ಹಾಕಿದ ಶಾಂತಮಲ್ಲಪ್ಪ ಆಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಬೀಗದಕೈ ಎಲ್ಲಿದೆ ಎಂದೂ ಕೇಳಿರಲಿಲ್ಲ.

ಆಮೇಲೆ ಮಗನ ಹೆಸರು ಒಂದೊಂದೇ ಕಡೆಯಿಂದ ಅಳಿಯುತ್ತ ಬಂತು. ರೇಷನ್ ಕಾರ್ಡಿನಿಂದ ತೆಗೆದರು. ಬ್ಯಾಂಕಿನವರು ತೆಗೆದರು. ತಮ್ಮನ ಮನೆಯ ಲಗ್ನಪತ್ರಿಕೆಯಲ್ಲೂ ಬಿಟ್ಟರು. ಸತ್ತವರ ಹೆಸರನ್ನು ಮದುವೆ ಕರೆಯೋಲೆಯಲ್ಲಿ ಹಾಕಿಸುವುದುಂಟೇ ಎಂದರು. ನ್ಯಾಯವೇ. ಹೆತ್ತ ಕರುಳು ಒಪ್ಪಬೇಕಲ್ಲ.

ಉಳಿದಿದ್ದದ್ದು ಒಂದೇ ಕಡೆ, ಮಗನ ಮೊಬೈಲಿನಲ್ಲಿ, ಯಾರು ಎಷ್ಟು ಬೇಗ ಹೊಡೆದರೆಂದು ಪಟ್ಟಿ ಇಡುವ ಸೈಕಲ್ ಆ್ಯಪಿನಲ್ಲಿ. ಕೆರೆ ಏರಿಯಿಂದ ಕೋಟೆ ದಿಣ್ಣೆ ಹತ್ತಿ, ಬುರುಜಿನ ಪಕ್ಕ ಇಳಿದು, ಹುಣಸೆಮರ ಮುಟ್ಟುವ ಆ ದಾರಿಯಲ್ಲಿ ಶಿವಶಂಕರನಷ್ಟು ಬೇಗ ಯಾರೂ ಸೈಕಲ್ ಹೊಡೆದಿರಲಿಲ್ಲ. ಭಾನುವಾರ ಮೈಸೂರಿನಿಂದ ಬಿಗಿ ಬಟ್ಟೆ ತೊಟ್ಟು ಬರುವವರು ಕೋಟೆ ಮುಂದೆ ಫೋಟೋ ತೆಗೆಸಿಕೊಂಡು, ದಿಣ್ಣೆ ಹತ್ತಿ, ಸೋತು, ಎಳನೀರು ಕುಡಿದು ಹೋಗುತ್ತಿದ್ದರು. ಪರದೆಯ ಮೇಲೆ ಮೊದಲ ಹೆಸರು ಮಗನದೇ. ಶಾಂತಮಲ್ಲಪ್ಪ ದಿನಾ ವಿಭೂತಿ ಹಚ್ಚಿಕೊಂಡು, ಆ ಹೆಸರು ನೋಡಿಯೇ ಕಾಫಿ ಲೋಟ ಮುಟ್ಟುತ್ತಿದ್ದ.

ಎರಡು ತಿಂಗಳ ಹಿಂದೆ ಆ ಪಟ್ಟಿಯ ಕೆಳಗೆಲ್ಲೋ ಹೊಸ ಹೆಸರೊಂದು ಕಾಣಿಸಿತು. ‘ಹಿಂಬಾಲಕ’. ಊರಿಲ್ಲ, ಮುಖವಿಲ್ಲ. ದಿನಾ ಹೊತ್ತು ಮೂಡುವಾಗ ಬರುತ್ತಿದ್ದ. ವಾರವಾರಕ್ಕೂ ಮೇಲೇರಿ ಎರಡನೆಯವನಾದ. ಆಮೇಲೆ ಅಲ್ಲೇ ನಿಂತು, ಬೆಕ್ಕು ಇಲಿಯನ್ನು ಆಡಿಸುವ ಹಾಗೆ ಆಡಿಸತೊಡಗಿದ. ಪ್ರತಿ ಸಲವೂ ಮಗನಿಗಿಂತ ಒಂದೇ ಒಂದು ಸೆಕೆಂಡು ಹಿಂದೆ.

ಮಗನ ಗೆಳೆಯ ಗಿರೀಶ್ ಮೊಬೈಲು ನೋಡಿ ತಲೆ ಕೆರೆದುಕೊಂಡ. ದಿಣ್ಣೆ ಹತ್ತುವಾಗ ಇವನೇ ಮುಂದಿದ್ದಾನೆ, ಬುರುಜಿನ ತಿರುವಿಗೆ ಬಂದಾಗ ಯಾಕೋ ಕಳೆದುಕೊಳ್ಳುತ್ತಾನೆ ಎಂದ. ಇಳಿಜಾರಿಗೆ ಹೆದರುತ್ತಾನೆಂದು ಕಾಣುತ್ತದೆ ಎಂದೂ ಸೇರಿಸಿದ.

“ಭಯ ಬುಟ್ಟ ದಿನ ಹೊಡ್ದುಬುಡ್ತಾನೆ, ಮಾವ.”

ಅಂದಿನಿಂದ ಶಾಂತಮಲ್ಲಪ್ಪನಿಗೆ ಅನ್ನ ಇಳಿಯಲಿಲ್ಲ. ಇದ್ದ ಒಬ್ಬ ಮಗನನ್ನು ಎರಡನೇ ಸಲ ಮಣ್ಣು ಮಾಡುವ ಶಕ್ತಿ ಅವನಿಗಿರಲಿಲ್ಲ. ಹೆಂಡತಿ ಮಂಗಳಗೌರಿ ಮೊಬೈಲು ಕಿತ್ತಿಟ್ಟು ಬೈದಳು. ಬೈಯುವ ಭರದಲ್ಲಿ, ಚೆಂಡುಹೂ ಬಿಡಿಸಲು ಹೋದ ಮಗಳು ಅರ್ಧ ಮಂಕರಿ ತಂದಳೆಂದು ಅವಳನ್ನೂ ಸೇರಿಸಿಕೊಂಡಳು. ಮಗಳು ಕಾವ್ಯಶ್ರೀ ಮಂಕರಿ ಕೆಳಗಿಟ್ಟಳು. ಅಪ್ಪನ ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಹೇಳಿದಳು:

“ಉಣ್ಣಪ್ಪ. ಅಣ್ಣನ್ನ ಯಾರೂ ದಾಟಕ್ಕಿಲ್ಲ.”

ಪಾಪ, ಸಮಾಧಾನದ ಮಾತು. ಸಮಾಧಾನದಿಂದ ಸೈಕಲ್ಲು ನಿಲ್ಲುತ್ತದೆಯೇ? ಮುಳ್ಳಿನಿಂದ ನಿಲ್ಲುತ್ತದೆ.

ಬುರುಜಿನ ಹಿಂದೆ ಕೂತವನಿಗೆ ಈಗ ಬೇರೆ ಯೋಚನೆಗಳು ಬಂದವು. ಆ ವೇಗದಲ್ಲಿ ಟೈರು ಒಡೆದರೆ ಬರೀ ಮಂಡಿ ತರಚುವುದಿಲ್ಲ. ಪಕ್ಕದಲ್ಲೇ ಕೋಟೆಯ ಕಲ್ಲು. ಅವನೂ ಯಾರದೋ ಮನೆಯ ಮಗ. ತೆಗೆದುಬಿಡೋಣ ಎಂದು ಎದ್ದ. ಮಗನ ಹೆಸರು ಎರಡನೇ ಸಾಲಿಗೆ ಇಳಿದಂತೆ ಕಣ್ಣ ಮುಂದೆ ಬಂತು. ಮತ್ತೆ ಕೂತ. ಮಹದೇಶ್ವರನನ್ನು ನೆನೆಯಲು ಹೋದರೆ ನಾಲಿಗೆ ಏಳಲಿಲ್ಲ. ಇಂಥ ಕೆಲಸಕ್ಕೆ ಯಾವ ಮುಖ ಹೊತ್ತು ದೇವರನ್ನು ಕರೆಯುವುದು?

ದಿಣ್ಣೆಯ ಮೇಲೆ ಸೈಕಲ್ ಕಾಣಿಸಿತು. ಕಪ್ಪು ಜರ್ಕಿನ್, ಹೆಲ್ಮೆಟ್, ಮೂಗಿನವರೆಗೆ ಕಟ್ಟಿದ ಬಟ್ಟೆ. ಮೈಯನ್ನು ಹ್ಯಾಂಡಲ್ಲಿಗೆ ಒತ್ತಿಕೊಂಡು ಬಾಣದಂತೆ ಇಳಿಯುತ್ತಿದ್ದ. ಇವತ್ತು ಭಯ ಬಿಟ್ಟೇ ಬಂದಿದ್ದಾನೆ. ಶಾಂತಮಲ್ಲಪ್ಪ ಕಣ್ಣು ಮುಚ್ಚಿದ.

ಬೀಳುವ ಸದ್ದು ಬರಲಿಲ್ಲ. ಟೈರು ರಸ್ತೆಗೆ ಉಜ್ಜಿದ ಸದ್ದು ಬಂತು.

ಕಣ್ಣು ಬಿಟ್ಟರೆ, ಸೈಕಲ್ಲು ಮುಳ್ಳಿಗಿಂತ ಮಾರುದ್ದ ಹಿಂದೆ ನಿಂತಿತ್ತು. ಒಂದು ಕಾಲು ನೆಲದ ಮೇಲಿತ್ತು. ನೋಟ ರಸ್ತೆಯ ಮೇಲಿರಲಿಲ್ಲ, ಕೈಗಡಿಯಾರದ ಮೇಲಿತ್ತು.

ಶಾಂತಮಲ್ಲಪ್ಪನಿಗೆ ತಲೆ ಕೆಟ್ಟಿತು. ಇವನಿಗೆ ಮುಳ್ಳು ಕಂಡುಬಿಟ್ಟಿದೆ, ಈಗ ಪಕ್ಕದಲ್ಲಿ ನುಸುಳಿ ದಾಟುತ್ತಾನೆ. ಶಾಂತಮಲ್ಲಪ್ಪ ಬುರುಜಿನ ಹಿಂದಿನಿಂದ ಹಾರಿ, ರಸ್ತೆಗೆ ಓಡಿ, ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದ. ಬೆರಳಿಗೆ ಏನೋ ತಗುಲಿತು. ಅಂಚು ಸವೆದ ಒಂದು ಬಸವನ ಚಿತ್ರ. ಸೈಕಲ್ಲು ಕೊಂಡ ದಿನ ಶಿವಶಂಕರ ತಾನೇ ಅಂಟಿಸಿದ್ದು.

ಎದುರಿಗಿದ್ದವರು ಮುಖದ ಬಟ್ಟೆ ಇಳಿಸಿದರು. ಕಾವ್ಯಶ್ರೀ.

ಶಾಂತಮಲ್ಲಪ್ಪ ಮುಳ್ಳಿನ ಪಕ್ಕದಲ್ಲೇ ಕುಸಿದು ಕೂತ. ಮುಳ್ಳು ಕಂಡು ನಿಂತುಬಿಟ್ಟೆಯಾ ಅಮ್ಮಿ ಎಂದು ಕೇಳಿದ.

“ಯಾವ ಮುಳ್ಳಪ್ಪ? ನಾ ದಿನಾ ಇಲ್ಲೇ ನಿಂತ್ಕತೀನಿ ಕಣಪ್ಪ, ಅಣ್ಣ ಮೊದ್ಲು ದಾಟ್ಲಿ ಅಂತ.”