ಬಾಳಿಕೆ ಬಾರದ ಪೆಟ್ಟಿಗೆ

“ಇದಲ್ರಿ. ಇದಕ್ಕಿಂತ ಕೆಟ್ಟದ್ದು ತೋರಸ್ರಿ.”

ಹಂಪೇಶ್ ಏಣಿಯ ಮೇಲಿಂದಲೇ ತಿರುಗಿ ನೋಡಿದ. ಹೊಸಪೇಟೆಯ ಆ ಗಲ್ಲಿಯಲ್ಲಿ ಹದಿನಾರು ವರ್ಷದಿಂದ ಅವನು ವಾದ್ಯಗಳ ಪೆಟ್ಟಿಗೆ ಮಾಡಿ ಮಾರುತ್ತಿದ್ದ. ಒಳ್ಳೆಯದು ಕೇಳಿದವರಿದ್ದರು, ಅಗ್ಗದ್ದು ಕೇಳಿದವರಿದ್ದರು. ಕೆಟ್ಟದ್ದು ಕೇಳಿದವರು ಇವರೊಬ್ಬರೇ.

ಮುದುಕನಿಗೆ ಎಪ್ಪತ್ತು ದಾಟಿರಬೇಕು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಹೊರಗೆ ಒಂದು ಜೀಪು ನಿಂತಿತ್ತು. ಹಿಂದಿನ ಸೀಟಿನ ಮೇಲೆ ಉಪ್ಪಿನ ಚೀಲಗಳು. ಉಪ್ಪು ಮಾರುವವನಿರಬೇಕು ಎಂದುಕೊಂಡ ಹಂಪೇಶ್.

“ಕುಂದ್ರಿ ಯಜಮಾನ್ರ. ಚಾ ತರಸ್ಲೇನು?”

“ಬ್ಯಾಡ. ಇವತ್ತ ಬಾಯಾಗ ಏನೂ ಹಾಕಂಗಿಲ್ಲ.”

ಒಪ್ಪತ್ತು ಇರಬೇಕು. ಆದರೆ ಅಂದು ಸೋಮವಾರವಲ್ಲ, ಗುರುವಾರ.

ಹಂಪೇಶ್ ಫೈಬರಿನ ಪೆಟ್ಟಿಗೆ ಇಳಿಸಿದ. ಮುದುಕ ಬೆರಳಿನಿಂದ ತಟ್ಟಿ ನೋಡಿದ. “ಇದು ಎಷ್ಟು ವರ್ಷ ಬರ್ತೈತಿ?”

“ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತೈತ್ರಿ.”

ಮುದುಕ ಅದನ್ನು ಹಿಂದಕ್ಕೆ ತಳ್ಳಿದ. ಆಮೇಲೆ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದನ್ನು ತಾನೇ ಎತ್ತಿಕೊಂಡ. ರಟ್ಟಿನ ಪೆಟ್ಟಿಗೆ, ಮೇಲೆ ಕಪ್ಪು ಬಟ್ಟೆ, ಒಳಗೆ ಕೆಂಪು ಮಖಮಲ್ಲು. ನೋಡಲು ಚೆಂದ, ಒಂದು ಮಳೆಗೆ ಮುದ್ದೆ. ಹಂಪೇಶ್ ಅಂಥದ್ದನ್ನು ಮಾರುವುದು ಬಿಟ್ಟು ಎರಡು ವರ್ಷವಾಗಿತ್ತು.

“ಇದಕ್ಕ ನೀರು ತಾಕಿದ್ರ?”

“ನೆನೀತೈತಿ. ಅದು ಮಾರಂಗಿಲ್ರಿ, ಹಲ್ಕಾ ಮಾಲು.”

“ಒಳಗ ಪ್ಲಾಸ್ಟಿಕ್ ಐತೇನು? ತಗಡು?”

“ಏನೂ ಇಲ್ಲ. ಬರೇ ರಟ್ಟು, ಗೋಂದು.”

“ಹಂಗಾದ್ರ ಇದ ಇರ್ಲಿ.”

ಅಳತೆ ನೋಡಲೆಂದು ಮುದುಕ ಟವೆಲ್ ಬಿಚ್ಚಿದ.

ಕ್ಲಾರಿನೆಟ್. ಹೊರದೇಶದ ಕರಿಮರ, ಬೆಳ್ಳಿ ಕೀಲಿಗಳು. ಮೇಲಿನ ತುಂಡಿಗೆ ಒಂದು ಹಿತ್ತಾಳೆಯ ಉಂಗುರ. ಆ ಉಂಗುರ ಕೂರಿಸಿದ್ದು ಹಂಪೇಶನ ಕೈ.

ಅದು ಶೈಲಜಾಳದು. ಸಂಡೂರು ಸೀಮೆಯಲ್ಲಿ ಆಕೆ ಊದದೆ ದೊಡ್ಡ ಮದುವೆ ನಡೆಯುತ್ತಿರಲಿಲ್ಲ. ಒಂಬತ್ತು ವರ್ಷ ಊದಿ ಕೂಡಿಸಿದ ದುಡ್ಡಿನಲ್ಲಿ ತರಿಸಿಕೊಂಡ ವಾದ್ಯವದು. ಅದಕ್ಕೆ ಇಂಥದೇ ಒಂದು ರಟ್ಟಿನ ಪೆಟ್ಟಿಗೆಯನ್ನು ಹಂಪೇಶ್ ಹೊಗಳಿ ಮಾರಿದ್ದ. ಕಂಪ್ಲಿಯ ಮದುವೆಯೊಂದರಲ್ಲಿ ಅದರ ತಳ ಕಿತ್ತುಬಂದು ಕ್ಲಾರಿನೆಟ್ ಕಲ್ಲಿನ ಮೇಲೆ ಬಿದ್ದು ಸೀಳಿತ್ತು. ಆಕೆ ಅಂಗಡಿಗೆ ಬಂದು ಕೂಗಾಡಲಿಲ್ಲ. “ಹಂಪೇಶಣ್ಣ, ನಿನಗ ಬೈಯಂಗಿಲ್ಲ. ಇನ್ನೊಮ್ಮೆ ಇದನ್ನ ಹಲ್ಕಾ ಪೆಟ್ಟಿಗ್ಯಾಗ ಇಡಸಿದ್ರ ಹಂಪಿ ವಿರೂಪಾಕ್ಷ ನೋಡ್ಕೊಂತಾನ” ಎಂದಷ್ಟೇ ಅಂದಿದ್ದಳು. ಅವನು ಸೀಳು ಕಟ್ಟಿ, ತೇಗದ ಪೆಟ್ಟಿಗೆ ಮಾಡಿಕೊಟ್ಟು, ದೇವರ ಮೇಲೆ ಆಣೆ ಇಟ್ಟಿದ್ದ: ಈ ವಾದ್ಯ ಇನ್ನು ಕೆಡಲು ಬಿಡುವುದಿಲ್ಲ.

“ಇದು ಎಲ್ಲಿ ಸಿಕ್ತು ನಿಮಗ?”

“ಮನ್ಯಾಗಿಂದ.”

“ಕೆಡಸಾಕ ಹೊಂಟೀರಂದ್ರ ಪೆಟ್ಟಿಗಿ ಯಾಕ್ರಿ? ಸೀದಾ ಕಾಲುವಿಗೆ ಒಗೀರಿ.”

“ಕಾಲುವಿ ಬ್ಯಾಡ,” ಎಂದ ಮುದುಕ, ಬಯ್ಗುಳವನ್ನು ಸಲಹೆಯೆಂದೇ ತಿಳಿದವನಂತೆ. “ನೀರು ಎಲ್ಲಿಗೋ ಒಯ್ತೈತಿ.”

ಹೊರಗೆ ಜೀಪಿನ ಹಾರನ್ನು. “ತೋಟಪ್ಪಜ್ಜ, ಜಲ್ದಿ ಬರ್ರಿ! ಅಲ್ಲಿ ಎಲ್ಲಾರೂ ಕಾಯಾಕತ್ಯಾರ.”

ಎಲ್ಲಾರೂ ಅಂದರೆ ಯಾರು? ಕಳ್ಳರ ಗುಂಪೇ? ಹಂಪೇಶ್ ಅಂಟು ತರುವ ನೆಪದಲ್ಲಿ ಪರದೆಯ ಹಿಂದೆ ಹೋಗಿ ಶೈಲಜಾಳಿಗೆ ಫೋನ್ ಮಾಡಿದ.

ಫೋನ್ ರಿಂಗಾಯಿತು. ಮುದುಕನ ಅಂಗಿಯ ಜೇಬಿನಲ್ಲಿ.

ಹಂಪೇಶ್ ಪರದೆ ಸರಿಸಿದ. ಮುದುಕ ಫೋನನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ಎತ್ತಲಿಲ್ಲ, ಆರಿಸಲೂ ಇಲ್ಲ. ಅದು ತಾನಾಗಿ ನಿಲ್ಲುವವರೆಗೂ ಕೇಳಿಸಿಕೊಂಡ.

“ಪೆಟ್ಟಿಗಿ ಹಂಪೇಶಣ್ಣ ಅಂತ ಬಂತು. ನೀವ ಏನ್ರಿ?”

ಹಂಪೇಶ್ ಒಂದೇ ನೆಗೆತಕ್ಕೆ ಕ್ಲಾರಿನೆಟ್ ಕಸಿದುಕೊಂಡು ಬಾಗಿಲಿಗೆ ಅಡ್ಡ ನಿಂತ. “ಶೈಲಜಾ ಎಲ್ಲಿ?”

“ಮುಂದಿನ ಗಾಡ್ಯಾಗ ಹೋದ್ಲು.”

“ವಾದ್ಯ ಬಿಟ್ಟು? ಫೋನ್ ಬಿಟ್ಟು? ಯಾರಿಗೆ ಹೇಳ್ತಿ ಈ ಸುಳ್ಳ? ನಾ ಮಾಡಿಕೊಟ್ಟ ತೇಗದ ಪೆಟ್ಟಿಗಿ ಎಲ್ಲಿ?”

“ಅದು ಕೆಡಂಗಿಲ್ರಿ. ಅದಕ್ಕ ಮನ್ಯಾಗ ಬಿಟ್ಟು ಬಂದೆ.”

“ಪೊಲೀಸರ್ನ ಕರೀತೀನಿ.”

“ಕರೀರಿ. ಆದ್ರ ಜಲ್ದಿ ಬರಾಕ ಹೇಳ್ರಿ. ಹೊತ್ತು ಇಳಿಯೂದ್ರಾಗ ಚೋರನೂರು ಮುಟ್ಟಬೇಕು.”

ಮುದುಕನ ದನಿಯಲ್ಲಿ ಹೆದರಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಹಂಪೇಶನಿಗೆ ಅದಕ್ಕೇ ಹೆಚ್ಚು ಭಯವಾಯಿತು.

“ಯಾರು ನೀನು? ಆಕಿಗೂ ನಿನಗೂ ಏನು?”

“ನಾನು ಆಕಿ ಅಪ್ಪ.”

“ಹೆತ್ತಾವ ಇಂಥಾ ಕೆಲಸ ಮಾಡ್ತಾನೇನು? ಆಕಿ ಜೀವಾನ ಇದ್ರಾಗ ಐತಿ!”

ತೋಟಪ್ಪ ತಲೆಯಾಡಿಸಿದ. ರಟ್ಟಿನ ಪೆಟ್ಟಿಗೆಯ ಧೂಳನ್ನು ಟವೆಲಿನಿಂದ ಒರೆಸಿ, ಬೆಳಗಿನಿಂದ ಯಾರ ಮುಂದೆಯೂ ಬಾಯಿಬಿಟ್ಟು ಆಡದಿದ್ದ ಮಾತನ್ನು ನಿಧಾನವಾಗಿ ಆಡಿದ.

“ಹೌದ್ರಿ. ಅದಕ್ಕ ಇವತ್ತ ಆಕೀನ್ನ ಮಣ್ಣಾಗ ಕುಂದ್ರಿಸಿ ಉಪ್ಪು ಸುರಿಯೂ ಮುಂದ ಇದನ್ನ ಮಡಿಲಾಗ ಇಡ್ತೀವಿ. ಬರಿದ ಇಡಾಕ ಕೈ ಬರವಲ್ದು, ಆದ್ರ ಪೆಟ್ಟಿಗಿ ಜಲ್ದಿ ಕರಗಬೇಕು, ಆಕಿಗೂ ವಾದ್ಯಕ್ಕೂ ನಡುವ ಉಳೀಬಾರದು.”